ಹೊಳೆಯದ ಹರಳು

…ಹೆಬ್ಬೆರಳಿನ ಹತ್ತಿರ ರಬ್ಬರು ಮಡಚಿಕೊಂಡಿದೆ, ಪೆಟ್ಟಿಗೆಯ ಗೋಡೆಗೇ ಜೋಡಿಸಿದ ಕೈಗವಸಿನೊಳಗೆಲ್ಲ ಬೆವರು, ಸರಿಮಾಡಹೊರಟರೆ ಚಿಮಟ ಜಾರುತ್ತದೆ, ಜಾರಬಾರದು, ವೀಬ್ಕೆ ಹಾರ್ಮ್ಸ್ ಗಾಜಿನ ಪೆಟ್ಟಿಗೆಗೆ ಹಣೆ ಒತ್ತಿ ಸೂಕ್ಷ್ಮದರ್ಶಕದೊಳಗೆ ಇಣುಕುತ್ತಾಳೆ — ಪೆಟ್ಟಿಗೆಯಲ್ಲಿ ಬರೀ ಆರ್ಗಾನ್, ಒಂದು ಉಸಿರಷ್ಟು ಗಾಳಿ ನುಗ್ಗಿದರೂ ಈ ಸೀಸಿಯಂ ಹೊತ್ತಿಕೊಳ್ಳುತ್ತದೆ — ಎಣ್ಣೆಯ ಹನಿಯಲ್ಲಿ ಸೀಸಿಯಂಗೆ ಪ್ಲಾಟಿನಂ ಬೆರೆಸಿ ಕಾಯಿಸಿದ ಮಿರಮಿರ ಮಿಂಚುವ ಚೂರುಗಳು, ನಡುನಡುವೆ ಮಂಕಾದವು, ಈ ಪ್ರಯೋಗಾಲಯದಲ್ಲಿ ಎಲ್ಲರೂ ಹೆಕ್ಕುವುದು ಹೊಳೆಯುವುದನ್ನೇ, ಲೋಹಕ್ಕೆ ಲೋಹ ಬೆರೆತರೆ ಲೋಹವೇ ತಾನೆ, ಮಂಕಾದದ್ದು ಕಸ, ಪ್ರೊಫೆಸರ್ ರಾಡೆಮಾಖರ್ ನಿನ್ನೆ ನಕ್ಕೇ ಹೇಳಿದರಲ್ಲ, ಚಿನ್ನ ಎಲೆಕ್ಟ್ರಾನ್ ಕಸ್ಕೊಳ್ಳೋದು ಗೊತ್ತು, ಪ್ಲಾಟಿನಮ್ಮೂ ಕಸ್ಕೊಳ್ಳತ್ತೆ ಅಂತೀರಾ ಫ್ರೌ ಹಾರ್ಮ್ಸ್, ಅದು ನಿಮ್ಮ ಪೆಟ್ಟಿಗೆ ಸೋರಿ ಹಿಡಿದ ಕಿಲುಬು ಕಣ್ರೀ, ನಾಳೆ ಮಧ್ಯಾಹ್ನದೊಳಗೆ ಒಂದು ಹರಳು ತೋರಿಸಿ, ಇಲ್ಲಾಂದ್ರೆ ಎಕ್ಸ್-ರೇ ಯಂತ್ರ ಯೋರ್ನ್‌ಗೆ, ನೀವು ಬೇರೆ ವಿಷಯ ಹಿಡೀರಿ. ಹಿಡಿಯುವುದಿಲ್ಲ, ಸೀಸಿಯಂ ಬಿಟ್ಟುಕೊಟ್ಟಿದೆ, ಪ್ಲಾಟಿನಂ ಇಸಿದುಕೊಂಡು ಬಿಗಿಯಾಗಿ ಹಿಡಿದಿದೆ, ಋಣ ವಿದ್ಯುದಂಶ ಹೊತ್ತು ಕೂತಿದೆ, ಉಪ್ಪಿನಲ್ಲಿ ಕ್ಲೋರಿನ್ ಕೂರುವ ಹಾಗೆ, ಎಲೆಕ್ಟ್ರಾನುಗಳು ಅಲೆಯದೆ ಹೋದರೆ ಲೋಹದ ಹೊಳಪೆಲ್ಲಿಂದ ಬರಬೇಕು, ಬೆಳಕು ಒಳಗಿಂದ ಹಾದುಹೋಗಬೇಕು, ಹೋಗಲೇಬೇಕು — ಸಮುದ್ರ ಹಿಂದೆ ಸರಿದ ಕೆಸರಲ್ಲಿ ಅಂಬರ್, ಕಲ್ಲಾದ ಮರದಂಟು, ಹುಡುಕುವ ಅಜ್ಜನ ಹಿಂದೆ ಚಿಕ್ಕ ಹುಡುಗಿ ಅವಳು, ಬೂಟಿನೊಳಗೆ ಪಚಪಚ ನೀರು, ಇದು ಅಂಬರ್ರಾ ಅಜ್ಜ, ಇದೂ ಹೊಳೀತಿದೆ, ಒದ್ದೆ ಕಲ್ಲೆಲ್ಲಾ ಹೊಳೆಯತ್ತೆ ಪುಟ್ಟೀ, ಸೂರ್ಯಂಗೆ ಎತ್ತಿ ಹಿಡಿದು ನೋಡು, ಅಂಬರ್ ಆದ್ರೆ ಬೆಳಕು ಒಳಗಿಂದ ಬರತ್ತೆ —

ಕಾರಿಡಾರಿನಲ್ಲಿ ಮಾಲ್‌ಟ್ಸೈಟ್, ಮಾಲ್‌ಟ್ಸೈಟ್, ಊಟಕ್ಕೆ ಹೊರಟವರು ಒಬ್ಬರಿಗೊಬ್ಬರು ಹೇಳುವ ನಮಸ್ಕಾರ, ಆಗಲೇ ಅಷ್ಟು ಹೊತ್ತಾಯಿತೆ, ಜೊತೆಯ ಸಂಶೋಧಕ ಯೋರ್ನ್ ಬಾಗಿಲಲ್ಲಿ ತಲೆ ಹಾಕುತ್ತಾನೆ, ಇವತ್ತು ಬೇಳೆ ಸೂಪು ಕಣೇ, ಕಸ ಆರಿಸಿದ್ದು ಸಾಕು ಬಾ, ನೀನು ಹೋಗೋ, ನಾನು ಹೇಳೋವರೆಗೂ ಯಂತ್ರ ಮುಟ್ಟಿದ್ರೆ ಬೆರಳು ಮುರೀತೀನಿ, ಅಬ್ಬಾ, ಪ್ಲಾಟಿನಮ್ಮಿಗಿಂತ ನೀನೇ ಜಾಸ್ತಿ ಕಸ್ಕೊಳ್ತೀಯ, ಹೋದ, ಬಾಗಿಲು ಮುಚ್ಚಿತು, ಮತ್ತೆ ಪಂಪಿನ ಗುರುಗುರು, ಮೇಲಿನ ದೀಪ ಆರಿಸಿದಳು, ಕೆಳಗಿನದು ಹಾಕಿದಳು, ಹೊಳೆಯುತ್ತಿದ್ದವೆಲ್ಲ ಒಮ್ಮೆಗೇ ಇದ್ದಿಲು, ಮಂಕಾದವುಗಳಲ್ಲಿ ಒಂದು, ಅಂಚಿನಲ್ಲಿ, ಕೆಂಪು, ಸೂಜಿಯ ತುದಿಯಲ್ಲಿ ಎತ್ತಬೇಕು, ಮೆಲ್ಲಗೆ, ಕೂದಲೆಳೆಯಂಥ ಗಾಜಿನ ನಳಿಗೆಯ ಬಾಯಿಗೆ ಅಂಟಿಕೊಂಡುಬಿಟ್ಟಿತು, ಬೀಳು, ಉಗುರಿನಿಂದ ತಟ್ಟೋಣವೆಂದರೆ ರಬ್ಬರಿನೊಳಗೆ ಉಗುರೆಲ್ಲಿ, ಬೀಳು ಅಂದೆನಲ್ಲ, ಜಾರಿತು, ತಳ ಮುಟ್ಟಿತು, ಕಾದ ತಂತಿ ತಾಗಿಸಿದಳು, ಗಾಜು ಕರಗಿ ಬಾಯಿ ಕೂಡಿತು, ಇನ್ನು ಯಾರಾದರೂ ಬರಲಿ, ರಾಡೆಮಾಖರ್ ಸೂಪು ಕುಡಿದು ಬಾಯಿ ಒರೆಸಿಕೊಳ್ಳುತ್ತಲೇ ಬರಲಿ, ಕಿಲುಬೋ ಅಲ್ಲವೋ ಯಂತ್ರ ಹೇಳಲಿ, ಇವಳು ನಳಿಗೆಯನ್ನು ದೀಪದ ಮುಂದೆ ಹಿಡಿದಿದ್ದಾಳೆ, ಕೆಂಪು, ಅದರಾಚೆ ದೀಪ, ದೀಪ ಕೆಂಪಿನೊಳಗಿಂದಲೇ ಕಾಣುತ್ತಿದೆ, ಕೆಂಪು, ಒಳಗಿಂದಲೇ, ಕೆಂಪು