ಸಿಲ್ವೋ ಕೊಟ್ಟ ಹೊಗೆಡಬ್ಬಿ

ಈ ಕಥೆಯಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೈಯುವುದು ಬೇಡ.

ಸ್ಲೊವೇನಿಯಾದ ಈ ಬೆಟ್ಟದೂರಿಗೆ ನಾನು ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಇಲ್ಲಿ ಜೇನು ಸಾಕದ ಮನೆ ಕಡಿಮೆ. ನನಗೆ ಆ ಕೆಲಸ ಕಲಿಸಿದವನು ಪಕ್ಕದ ಮನೆಯ ಸಿಲ್ವೋ. ಅರವತ್ತು ದಾಟಿದ್ದರೂ ಬಾಯಿ ಮುಚ್ಚಿ ಕೂತವನಲ್ಲ. ಅಂಥವನು ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಮಾತೇ ಬಿಟ್ಟ. ಊಟ ಅರ್ಧಕ್ಕೆ ಬಿಡುತ್ತಿದ್ದ. ತಾನೇ ಬಣ್ಣ ಬಳಿದ ಜೇನುಮನೆಯ ಕಡೆ ತಲೆಯೂ ಹಾಕುತ್ತಿರಲಿಲ್ಲ.

ಜನವರಿಯಲ್ಲಿ ಒಂದು ದಿನ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಅವನ ಹೊಗೆಡಬ್ಬಿ. ಜೇನುಪೆಟ್ಟಿಗೆ ತೆಗೆಯುವಾಗ ಹುಳಗಳು ಶಾಂತವಾಗಲೆಂದು ಹೊಗೆ ಊದುತ್ತೇವಲ್ಲ, ಅದು. ಅವನ ಅಜ್ಜನ ಕಾಲದ ತಾಮ್ರದ ಡಬ್ಬಿ, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

"ಇಟ್ಕೊ. ನಂಗಿನ್ನು ಬೇಡ," ಅಂದ.

ನಾನು ಏಕೆ ಎಂದು ಕೇಳಲಿಲ್ಲ. ಖುಷಿಯಾಗಿ ತೆಗೆದುಕೊಂಡೆ. ಅಕ್ರೋಟು ತುಂಬಿದ ರೊಟ್ಟಿಯ ಒಂದು ತುಂಡು ಅವನ ಕೈಗಿಟ್ಟು ಕಳಿಸಿದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಅವನ ಹೆಂಡತಿ ಲೋಯ್ಸ್ಕಾಗೂ ನನಗೂ ಒಂದೇ ಮಾತು.

"ಚಳಿಗಾಲದಲ್ಲಿ ಪೆಟ್ಟಿಗೆ ಮುಚ್ಚಳ ತೆಗೀಬಾರ್ದು ಕಣೇ," ಅನ್ನುತ್ತಿದ್ದಳು ಅವಳು. "ಶೀತ ಹೊಕ್ರೆ ಹುಳ ಉಳಿಯಲ್ಲ. ಇವ್ನೂ ಹಂಗೇ. ಹೂವು ಬಿಡ್ಲಿ, ತಾನೇ ಸರಿ ಹೋಗ್ತಾನೆ."

"ಹೂಂ, ಕೆಣಕೋದು ಬೇಡ," ಎಂದು ನಾನೂ ತಲೆಯಾಡಿಸುತ್ತಿದ್ದೆ. ಊರೂ ಹಾಗೇ ಅಂದಿತು.

ಲೋಯ್ಸ್ಕಾಳ ಕಾಲಿನ ಹುಣ್ಣಿಗೆ ಔಷಧಿ ಹಚ್ಚಲು ವಾರಕ್ಕೊಮ್ಮೆ ನರ್ಸ್ ನೆವೆಂಕಾ ಬರುತ್ತಾಳೆ. ಫೆಬ್ರವರಿಯಲ್ಲಿ ಅವಳು ಪಟ್ಟಿ ಕಟ್ಟುತ್ತಿದ್ದಾಗ ನಾನೂ ಅಲ್ಲಿದ್ದೆ. ಜಂಬಕ್ಕೆ ಹೊಗೆಡಬ್ಬಿಯ ಸುದ್ದಿ ಎತ್ತಿದೆ. ಅವಳ ಕೈ ನಿಂತಿತು.

"ಅಷ್ಟು ಪ್ರೀತಿಯ ಸಾಮಾನನ್ನ ಕೊಟ್ಬಿಟ್ರಾ? ನಿದ್ದೆ ಹೇಗಿದೆ ಅವರಿಗೆ?"

"ಬೆಳಕು ಹರಿಯೋಕೆ ಎಷ್ಟೋ ಮುಂಚೆ ಎದ್ದು ಕೂತಿರ್ತಾನೆ ಸಿಸ್ಟರ್," ಎಂದಳು ಲೋಯ್ಸ್ಕಾ.

"ಸಾಯೋ ಯೋಚನೆ ಇದೆಯಾ ಅಂತ ಕೇಳಿದೀರಾ?"

ಲೋಯ್ಸ್ಕಾ ಬೆಚ್ಚಿಬಿದ್ದಳು. "ಬಿಡ್ತು ಅನ್ನಿ! ಇಲ್ಲದ್ದನ್ನ ನಾವೇ ತಲೆಗೆ ತುಂಬಿದ ಹಾಗಾಗಲ್ವಾ?"

"ಎಲ್ರೂ ಹಾಗೇ ಹೆದರ್ತಾರೆ. ಆದ್ರೆ ಸಂಶೋಧಕರು ಸಾವಿರಾರು ಜನರನ್ನ ಕೇಳಿ ನೋಡಿದ್ದಾರೆ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಎಷ್ಟೋ ಜನಕ್ಕೆ ಎದೆ ಹಗುರ ಆಗುತ್ತೆ."

"ಪೆಟ್ಟಿಗೆ ತೆಗೀಬಾರ್ದು ಅಂತ..." ಎಂದು ನಾನು ರಾಗ ಎಳೆದೆ.

"ಹೌದು, ತೆಗೀಬೇಡಿ. ಆದ್ರೆ ಚಳಿಗಾಲ ಪೂರ್ತಿ ಸುಮ್ನೆ ಕೂರ್ತೀರಾ?"

ಇಲ್ಲ. ಪೆಟ್ಟಿಗೆಯನ್ನು ಬೆರಳ ಗಿಣ್ಣಿನಿಂದ ತಟ್ಟಿ ಕಿವಿ ಇಡುತ್ತೇವೆ. ಗುಂಯ್ ಎಂಬ ಸದ್ದು ಎದ್ದು ಬೇಗ ಅಡಗಿದರೆ ಕ್ಷೇಮ. ನರಳಿದಂತೆ ಎಳೆದರೆ ಒಳಗೆ ಏನೋ ಕೆಟ್ಟಿದೆ. ಅದನ್ನು ನನಗೆ ಕಲಿಸಿದವನೇ ಸಿಲ್ವೋ.

"ಅವನೇನು ಹುಚ್ಚನಾ ಸಿಸ್ಟರ್?" ಎಂದಳು ಲೋಯ್ಸ್ಕಾ.

"ಅಲ್ಲಮ್ಮ, ಕಾಯಿಲೆ ಇರ್ಬಹುದು. ಈಗ ನಿಮ್ಮೊಂದು ಪೆಟ್ಟಿಗೆಲಿ ಎಷ್ಟು ಹುಳ ಇದ್ದಾವು?"

"ಹತ್ತು ಸಾವಿರ."

"ಒಬ್ಬ ಮನುಷ್ಯನ ಮೆದುಳಲ್ಲಿ ಸುಮಾರು ಎಂಟು ಸಾವಿರದ ಆರುನೂರು ಕೋಟಿ ನರಕೋಶ ಇವೆ. ನಿಮ್ಮ ಪೆಟ್ಟಿಗೆ ಲೆಕ್ಕದಲ್ಲಿ ಎಂಬತ್ತಾರು ಲಕ್ಷ ಪೆಟ್ಟಿಗೆ! ಒಂದೊಂದು ನರಕೋಶವೂ ಸಾವಿರಾರು ಕೋಶಗಳ ಜೊತೆ ಮಾತಾಡುತ್ತೆ. ಖಿನ್ನತೆ ಬಂದ್ರೆ ಆ ಮಾತುಕತೆ ಏರುಪೇರಾಗುತ್ತೆ. ಆದ್ರೆ ಮೆದುಳು ಸಾಯೋವರೆಗೂ ಹೊಸ ದಾರಿ ಕಟ್ಕೊಳ್ತಾನೇ ಇರುತ್ತೆ. ಬರೀ ಮಾತಿನ ಚಿಕಿತ್ಸೆಯಿಂದಲೂ ಅದರ ಕೆಲಸ ಬದಲಾಗಿದ್ದು ಸ್ಕ್ಯಾನಲ್ಲಿ ಕಂಡಿದೆ. ಗೊತ್ತಿಲ್ಲದ್ದು ಇನ್ನೂ ಬೆಟ್ಟದಷ್ಟಿದೆ, ಅದೂ ನಿಜ."

ನನಗೆ ಮೈ ಜುಮ್ಮೆಂದಿತು. ಎಂಬತ್ತಾರು ಲಕ್ಷ ಪೆಟ್ಟಿಗೆ! ನಮ್ಮ ದೇಶದಲ್ಲೆಲ್ಲ ಹುಡುಕಿದರೂ ಅಷ್ಟಿಲ್ಲ. ಪಕ್ಕದ ಕೋಣೆಯಲ್ಲಿ ಒಲೆಯ ಹತ್ತಿರ ಮಂಕಾಗಿ ಕೂತಿದ್ದವನ ತಲೆಯೊಳಗೆ ಅಷ್ಟು ದೊಡ್ಡದು ನಡೆಯುತ್ತಿತ್ತು, ನಾವು ಕಿವಿಯನ್ನೇ ಇಟ್ಟಿರಲಿಲ್ಲ.

ಲೋಯ್ಸ್ಕಾ ಕುಂಟುತ್ತ ಎದ್ದು ಹೋಗಿ ಗಂಡನ ಎದುರು ಕೂತಳು. ನಾವಿಬ್ಬರೂ ಹಿಂದೆ ನಿಂತೆವು. ನಮ್ಮೂರಲ್ಲಿ ಜೇನುಹುಳ ಸತ್ತಿತು ಅನ್ನುವುದಿಲ್ಲ, ಮನುಷ್ಯರಿಗೆ ಹೇಳುವಂತೆ ತೀರಿಕೊಂಡಿತು ಅನ್ನುತ್ತೇವೆ. ಹುಳದ ಸಾವಿಗೆ ಅಷ್ಟು ಮರ್ಯಾದೆ ಕೊಡುವವರಿಗೆ ಮನುಷ್ಯನ ಹತ್ತಿರ ಆ ಮಾತೆತ್ತಲು ನಾಲಿಗೆ ಬರುವುದಿಲ್ಲ. ಆದರೂ ಅವಳು ಕೇಳಿದಳು.

"ಸಿಲ್ವೋ, ಸಾಯ್ಬೇಕು ಅನ್ಸುತ್ತಾ ನಿಂಗೆ?"

"ದಿನಾ," ಅಂದ. ಮತ್ತೆ, "ಯಾರಾದ್ರೂ ಕೇಳ್ಲಿ ಅಂತಿದ್ದೆ," ಎಂದವನೇ ಬಿಕ್ಕಿ ಬಿಕ್ಕಿ ಅತ್ತ. ಅವನು ಅಳುವುದನ್ನು ನಾನು ಅಂದೇ ನೋಡಿದ್ದು.

ನೆವೆಂಕಾ ಅವನನ್ನು ಬಿಟ್ಟು ಕದಲಲಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದಳು. ಅವತ್ತೇ ಗಂಡ ಹೆಂಡತಿಯನ್ನು ತನ್ನ ಕಾರಿನಲ್ಲಿ ಕರೆದುಕೊಂಡು ಹೋದಳು. ಮೊದಲ ಮಾತ್ರೆ ಹಿಡಿಸಲಿಲ್ಲ, ಬದಲಾಯಿಸಿದರು. ವಾರಕ್ಕೊಮ್ಮೆ ಮಾತಿನ ಚಿಕಿತ್ಸೆ. ಒಂದು ತಿಂಗಳು ಏನೂ ಫರಕು ಕಾಣಲಿಲ್ಲ. ಲೋಯ್ಸ್ಕಾ ದಣಿದಳು, ಆದರೆ ಚಿಕಿತ್ಸೆ ಬಿಡಿಸಲಿಲ್ಲ. ಆಮೇಲೆ ಅವನು ತಟ್ಟೆ ಖಾಲಿ ಮಾಡತೊಡಗಿದ.

ಮೇ ತಿಂಗಳಲ್ಲಿ, ಜೇನಿಗೆ ಸುಗ್ಗಿ ತರುವ ಅಕೇಸಿಯ ಮರಗಳು ಹೂ ಬಿಡುವ ಕಾಲಕ್ಕೆ, ನಮ್ಮ ಬಾಗಿಲು ಬಡಿದ ಸದ್ದಾಯಿತು. ಸಿಲ್ವೋ ನಿಂತಿದ್ದ.

"ಕೊಡೇ ನನ್ ಹೊಗೆಡಬ್ಬಿ. ಹೊಗೆ ಹಾಕೋಕೆ ನಿಂಗೆಲ್ಲಿ ಬರುತ್ತೆ? ಹುಳಗಳನ್ನ ಕೆಮ್ಮಿಸ್ತೀಯ ಅಷ್ಟೇ."

ಅಷ್ಟು ಸಂತೋಷದಿಂದ ನಾನು ಯಾವ ವಸ್ತುವನ್ನೂ ವಾಪಸ್ ಕೊಟ್ಟಿಲ್ಲ.

ಓದುತ್ತಿರುವವರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರಾದರೂ ಮಾತು ಬಿಟ್ಟಿದ್ದಾರೆಯೇ? ಊಟ, ನಿದ್ದೆ ಕೆಟ್ಟಿದೆಯೇ? ಪ್ರಾಣದಂತಿದ್ದ ವಸ್ತುವನ್ನು ಹಂಚಿಬಿಡುತ್ತಿದ್ದಾರೆಯೇ? ಕಾಯಬೇಡಿ. ಹತ್ತಿರ ಕೂತು, ನೇರವಾಗಿ ಕೇಳಿ. ಉತ್ತರ ಹೌದು ಎಂದಾದರೆ ಒಂಟಿಯಾಗಿ ಬಿಡದೆ ಅವತ್ತೇ ಡಾಕ್ಟರ ಬಳಿ ಕರೆದೊಯ್ಯಿರಿ. ಕರ್ನಾಟಕದಲ್ಲಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಫೋನು ಮಾಡಬಹುದು. ಆ ಭಾರ ಹೊತ್ತಿರುವವರು ನೀವೇ ಆಗಿದ್ದರೂ ಮಾಡಿ.

ಒಳಗಿರುವವರು ಯಾರಾದರೂ ತಟ್ಟಲಿ ಎಂದು ಕಾಯುತ್ತಿರುತ್ತಾರೆ. ಇವತ್ತೇ ತಟ್ಟಿ.