ಒಂದು ಗೇಣಿನ ರಾಜ್ಯ

ಬಾಲಿಯ ಬಡಗಣ ಕಡಲಂಚಿನ ಆ ಊರಿನಲ್ಲಿ ಗಾಜಿನ ತೊಟ್ಟಿಗೆ ಸಲ್ಲುವ ಚೆಲುವಿನ ಮೀನುಗಳನ್ನು ಹಿಡಿಯುವವರೂ ಗಂಡಸರೇ, ಮಾರಾಟಕ್ಕೆ ತಕ್ಕವನ್ನು ಆರಿಸುವ ಮೇಜಿಗೆ ಕೂರುವವರೂ ಗಂಡಸರೇ. ಹೆಂಗಸರ ಪಾಲಿಗೆ ಮೀನಿಟ್ಟ ಚೀಲಗಳ ನೀರು ಬದಲಿಸುವ ಕೆಲಸ. ಇಪ್ಪತ್ತು ವರ್ಷ ನೀರು ಬದಲಿಸಿದ ಲುಹ್ ರೆನಿಂಗ್ ಈ ಸಲ ಆ ಮೇಜನ್ನೇ ಕೇಳಿಬಿಟ್ಟಳು. ಮೀನುಗಾರರ ಸಂಘದ ಹಿರಿಯರು ಪಂದ್ಯ ಕಟ್ಟಿದರು: ಎರಡೇ ಗೇಣುದ್ದದ ಉಪ್ಪುನೀರಿನ ತೊಟ್ಟಿ ಅವಳಿಗೊಂದು, ಮೇಜಿನ ಒಡೆಯ ಗೆಡೆ ಮುಸ್ತಿಕನಿಗೊಂದು. ಹುಣ್ಣಿಮೆಯಿಂದ ಹುಣ್ಣಿಮೆಯವರೆಗೆ ಯಾರ ಮೀನು ಕುಂದಿಲ್ಲದೆ ಉಳಿಯುವುದೋ ಮೇಜು ಅವರದು.

ಮುಸ್ತಿಕ ಉಗುರಿನಷ್ಟು ಗಾತ್ರದ ನಾಲ್ಕು ನೀಲಿಮರಿ ಮೀನುಗಳನ್ನು ಬಿಟ್ಟ. ತೊಟ್ಟಿ ದೀಪ ಹಚ್ಚಿದಂತೆ ಬೆಳಗಿತು. ರೆನಿಂಗ್ ಬಿಟ್ಟದ್ದು ಬೆರಳುದ್ದದ ಒಂದು ಪಟ್ಟೆಮೀನು, ಜೊತೆಗೊಂದು ಸಿಗಡಿ. ಎರಡೂ ಮರಳಿಗಿಳಿದು ಮರೆಯಾದವು.

"ಮೀನು ಬಿಡೋದು ಮರ್ತ್ಯೇನಕ್ಕಾ? ಮರಳು ಸಾಕೋದಾದ್ರೆ ದಡದಲ್ಲೇ ಬೇಕಾದಷ್ಟಿತ್ತಲ್ಲ!" ಎಂದು ಮುಸ್ತಿಕ ನಕ್ಕ.

"ನಗಪ್ಪಾ, ನಗು. ನೀನು ಮೀನು ಅಳ್ದೆ. ನಾನು ಅದರ ತಿರುಗಾಟ ಅಳ್ದಿದೀನಿ."

ಅದು ಒಣಮಾತಲ್ಲ. ಚಿಕ್ಕಂದಿನಲ್ಲಿ ಅಪ್ಪನೊಡನೆ ಕಡಲಲ್ಲಿ ಮುಳುಗು ಹಾಕುವಾಗ ಅವಳು ಕಲಿತ ಪಾಠ: ಮೀನು ತನ್ನ ಬಿಲದಿಂದ ಎಷ್ಟು ಗೇಣು ದೂರ ಹೋಗುವುದೆಂದು ನೋಡದೆ ಬಲೆ ಒಡ್ಡಬಾರದು. ನೀಲಿಮರಿಗೆ ಇಡೀ ಹವಳದ ಗುಡ್ಡೆಯೇ ಸ್ವಂತ ಆಸ್ತಿ. ಕಣ್ಣು ಮಂದವಾದ ಸಿಗಡಿ ಬಿಲ ತೋಡಿದರೆ ಪಟ್ಟೆಮೀನು ಅದರ ಬಾಗಿಲು ಕಾಯುತ್ತದೆ; ಅದಕ್ಕೆ ಬಾಗಿಲ ಮುಂದಿನ ಒಂದು ಗೇಣು ಸಾಕು.

ಆದರೂ ಮೊದಲ ಹತ್ತು ದಿನ ಮೀನು ಕಾಣಲಿಲ್ಲ. ಮುಂಜಾನೆ ತೊಟ್ಟಿಯ ಬಳಿ ಹೂವಿಟ್ಟು ಕೈಮುಗಿಯುವಾಗ ಅವಳು ಮರಳನ್ನೇ ಇಣುಕಿ ನೋಡುತ್ತಿದ್ದಳು. ಹಾಕಿದ ತಿನಿಸು ಕರಗಿತೋ, ಮೀನೇ ತಿಂದಿತೋ!

ಹುಣ್ಣಿಮೆಯ ಬೆಳಿಗ್ಗೆ ಊರು ನೆರೆಯಿತು. ಮುಸ್ತಿಕನ ತೊಟ್ಟಿಯಲ್ಲಿ ಉಳಿದದ್ದು ಒಂದೇ ನೀಲಿಮರಿ. ಮೂರನ್ನು ಕಚ್ಚಿ ಕೊಂದು, ಹರಿದ ರೆಕ್ಕೆಯಲ್ಲಿ ತಾನೊಂದೇ ಸುತ್ತುತ್ತಿತ್ತು.

"ನಿನ್ನದೆಲ್ಲಮ್ಮಾ?" ಎಂದರು ಹಿರಿಯರು.

"ನೆರಳು ಬೀಳದ ಹಾಗೆ ಎರಡು ಹೆಜ್ಜೆ ಹಿಂದೆ ಸರೀರಿ, ಅಜ್ಜಾ. ಮನೆ ಕಾಯೋವ್ರ ಮುಂದೆ ಹೀಗೆ ಮುಗಿಬಿದ್ರೆ ಬಾಗಿಲು ತೆಗೀತಾರಾ?"

ಎಲ್ಲರೂ ಸರಿದರು. ಮರಳು ಅಲುಗಿತು. ಸಿಗಡಿ ಬುಲ್ಡೋಜರಿನಂತೆ ಮರಳು ತಳ್ಳುತ್ತ ಹೊರಬಂತು. ಅದರ ಮೀಸೆ ಪಟ್ಟೆಮೀನಿನ ಬಾಲದ ಮೇಲಿತ್ತು. ಮೀನು ಮೈದುಂಬಿ, ರೆಕ್ಕೆಯೆತ್ತಿ, ಕೋಟೆಬಾಗಿಲ ಸರದಾರನಂತೆ ನಿಂತಿತು. ಹೆಂಗಸರ ಸಾಲಿನಿಂದ ಎದ್ದ ಕೇಕೆಗೆ ಮರುಕ್ಷಣ ಎರಡೂ ಒಳಗೆ!

"ನೋಡಿದ್ರಲ್ಲ, ಸಾಕು," ಎಂದಳು ರೆನಿಂಗ್.

ಮುಸ್ತಿಕ ಅಂದಿನ ಮೀನಿನ ಚೀಲಗಳ ಬುಟ್ಟಿಯನ್ನು ತಾನೇ ತಂದು ಮೇಜಿನ ಮೇಲಿಟ್ಟು, ಕುರ್ಚಿಯನ್ನು ಅವಳತ್ತ ಎಳೆದ.

"ಆರಿಸಕ್ಕಾ. ನೀರು ನಾನು ಬದಲಾಯಿಸ್ತೀನಿ."