ಬಸಲಿಂಗಮ್ಮನ ರವಿವಾರ

ಎರಡು ಸಾವಿರದ ಇಪ್ಪತ್ತೊಂದರ ಅಕ್ಟೋಬರಿನಲ್ಲಿ, ಹತ್ತೊಂಬತ್ತು ತಿಂಗಳ ಮೇಲೆ, ನನಗೆ ಮೊದಲ ಸಲ ಒಂದು ವಾರ ಪೂರ್ತಿ ರಜೆ ಸಿಕ್ಕಿತು. ಐರ್ಲೆಂಡಿನ ವಾಟರ್‌ಫರ್ಡಿನ ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ವೈದ್ಯೆ. ಅಷ್ಟೂ ದಿನ ಐಸಿಯುನಲ್ಲಿ ಉಸಿರು ಕಟ್ಟಿದವರ ಗಂಟಲಿಗೆ ಕೊಳವೆ ಇಳಿಸುವುದೇ ಕೆಲಸ. ಗಂಡ ಶ್ರೀನಿಧಿ ಲೆಪರ್ಡ್ಸ್‌ಟೌನಿನ ಕಂಪನಿಯೊಂದರ ಕೆಲಸವನ್ನು ನಮ್ಮ ಅಡುಗೆಮನೆಯ ಮೇಜಿನಿಂದಲೇ ಮಾಡುತ್ತಿದ್ದ. ಒಂಬತ್ತು ವರ್ಷದ ಮಗಳು ಚಿನ್ಮಯಿಗೆ ಶಾಲೆಯ ಮಿಡ್‌ಟರ್ಮ್ ರಜೆ ಬಂತು, ನಮಗೆ ವೀಸಾ ಬಂತು, ಮೂವರೂ ಸೈಪ್ರಸ್‌ಗೆ ಹಾರಿದೆವು. ಲಾರ್ನಕಾದಲ್ಲಿ ಬಾಡಿಗೆ ಕಾರು ತೆಗೆದುಕೊಂಡೆವು. ಅಲ್ಲೂ ಎಡಗಡೆಯೇ ಓಡಿಸಬೇಕು ಎಂದು ಗೊತ್ತಾದ ಮೇಲೆ ಶ್ರೀನಿಧಿಯ ಅರ್ಧ ಚಿಂತೆ ಇಳಿಯಿತು.

ಮೊದಲ ಎರಡು ದಿನ ಕಂಡದ್ದೆಲ್ಲ ಚಂದವಾಗಿತ್ತು. ಪೈಲಾ ಎಂಬ ಊರಲ್ಲಿ ಒಂದೇ ಚೌಕದ ಆಚೀಚೆ ಗ್ರೀಕರ ಕಾಫಿ ಅಂಗಡಿ, ತುರ್ಕರ ಕಾಫಿ ಅಂಗಡಿ. ಇಗರ್ಜಿಯ ಗಂಟೆ ನಿಂತ ಸ್ವಲ್ಪ ಹೊತ್ತಿಗೆ ಮಸೀದಿಯ ಕೂಗು. ಅರ್ಮೇನಿಯದವನ ಅಂಗಡಿಯಲ್ಲಿ ಕೊಂಡ ರೊಟ್ಟಿಯನ್ನು ಕಾರಿನಲ್ಲೇ ಹರಿದು ತಿಂದೆವು. ಲೆಫ್ಕಾರಾದ ಕಲ್ಲು ಬೀದಿಗಳಲ್ಲಿ ಅಜ್ಜಿಯರು ಹೊಸ್ತಿಲ ಮೇಲೆ ಕೂತು ಬಿಳಿ ಕಸೂತಿ ಹಾಕುತ್ತಿದ್ದರು. ನಾನು ನೂರಾರು ಫೋಟೊ ತೆಗೆದೆ.

ಮೂರನೆಯ ದಿನ ಟ್ರೂಡೋಸ್ ಬೆಟ್ಟದ ದಾರಿಯಲ್ಲಿ ಒಂದು ಊರು. ಅದರ ಹೆಸರು ಬರೆಯುವುದಿಲ್ಲ, ಬಸಲಿಂಗಮ್ಮ ಬೇಡ ಎಂದಿದ್ದಾಳೆ. ಚಿನ್ಮಯಿಗೆ ಬಾಯಾರಿತ್ತು, ಕಾರು ನಿಲ್ಲಿಸಿದೆವು. ಚೌಕದ ಮರದ ಕೆಳಗೆ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ. ಮಾಸ್ಕ್ ಹಾಕಿದ, ನೆರೆಗೂದಲಿನ ಹೆಂಗಸೊಬ್ಬಳು ಅವನ ಬಾಯಿಗೆ ಚಮಚದಲ್ಲಿ ಗಂಜಿ ಹಿಡಿದಿದ್ದಳು.

ಚಿನ್ಮಯಿ ನನ್ನ ತೋಳು ಜಗ್ಗಿದಳು. "ಮಾಮ್, ಶೀ ಈಸ್ ಸ್ಪೀಕಿಂಗ್ ಕನ್ನಡ!"

ಹೌದು. "ಬಾಯಿ ತಗೀರಿ ಅಜ್ಜಾರ, ಇದೊಂದ ತುತ್ತು, ಮುಗೀತು," ಎನ್ನುತ್ತಿದ್ದಳು ಆಕೆ, ಒಂದಕ್ಷರವೂ ಅರ್ಥವಾಗದ ಆ ಸೈಪ್ರಸ್‌ನ ಮುದುಕನಿಗೆ.

"ಯಾವ ಊರಮ್ಮ ನಿಮ್ಮದು?" ಎಂದೆ.

ಚಮಚ ಗಂಜಿಯೊಳಗೆ ಬಿತ್ತು. "ಅಯ್ಯ ನಮ್ಮವ್ವಾ!" ಎಂದು ನಿಂತೇಬಿಟ್ಟಳು. ಆಮೇಲೆ ಮಾತಿನ ಹೊಳೆ. ಹೆಸರು ಬಸಲಿಂಗಮ್ಮ, ಗದಗ ಜಿಲ್ಲೆಯ ರೋಣದವಳು. ಗಂಡ ತೀರಿಕೊಂಡಿದ್ದಾನೆ, ಮಗಳು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಮೂರು ವರ್ಷದ ಹಿಂದೆ ಹೈದರಾಬಾದಿನ ಏಜೆಂಟನೊಬ್ಬ ಈ ಮುದುಕನನ್ನು ನೋಡಿಕೊಳ್ಳುವ ಕೆಲಸಕ್ಕೆ ಕಳಿಸಿದ್ದ.

"ಎದುರಿಗೆ ಕನ್ನಡ ಕೇಳಿ ಎಷ್ಟ ದಿನ ಆತ್ರಿ ಅಕ್ಕಾರ. ಮೊದಲ ರವಿವಾರ ಸೂಟಿ ಇರ್ತಿತ್ತು. ಲಿಮಸೋಲಕ್ಕ ಹೋಗಿ ತೆಲುಗು ಹೆಣಮಕ್ಕಳ ಜೋಡಿ ಕುಂದರ್ತಿದ್ದೆ. ಕೊರೋನಾ ಬಂದ ದಿನದಿಂದ ಗೇಟ್ ದಾಟಿಲ್ರಿ. ಈ ಗಿಡದ ತನಕ ಅಷ್ಟ, ಅದೂ ಮೇಡಂ ಕಿಟಕಿಯಿಂದ ಕಾಣೂ ಹಂಗ."

"ಲಾಕ್‌ಡೌನ್ ಮುಗಿದು ಎಷ್ಟು ಕಾಲ ಆಯ್ತಲ್ಲ?"

"ಅವರಿಗೆ ಮುಗೀತ್ರಿ. ಮೇಡಂ ಮಗಾ ಮದುವಿಗೆ ಹೋಗ್ತಾನ, ಸಮುದ್ರಕ್ಕ ಹೋಗ್ತಾನ. ನಾ ಹ್ವಾದರ ರೋಗ ತರ್ತೇನಂತ."

ಹತ್ತೊಂಬತ್ತು ತಿಂಗಳು. ನಾನು ಲೆಕ್ಕ ಹಾಕುತ್ತಿದ್ದಾಗಲೇ ಆಕೆ ಮಾಸ್ಕಿನ ಮೇಲಿಂದ ದವಡೆ ಒತ್ತಿಕೊಂಡದ್ದು ಕಂಡಿತು. ಮಾಸ್ಕ್ ತೆಗೆಸಿದೆ. ಎಡಗೆನ್ನೆ ಊದಿ ಕಣ್ಣಿನವರೆಗೆ ಹೊಳೆಯುತ್ತಿತ್ತು. ಮೈ ಸುಡುತ್ತಿತ್ತು. ಹಲ್ಲಿನ ಬೇರಲ್ಲಿ ಕೀವು, ಎರಡು ವಾರದಿಂದ. ಮೇಡಂ ಕೊಟ್ಟದ್ದು ಜ್ವರದ ಮಾತ್ರೆ.

"ಇದು ಕುತ್ತಿಗೆಗೆ ಇಳಿದರೆ ಉಸಿರು ಕಟ್ಟುತ್ತೆ. ಇವತ್ತೇ ಡಾಕ್ಟರಿಗೆ ತೋರಿಸ್ಬೇಕು."

"ಲಸಿ ಹಾಕ್ಕೊಂಡಿಲ್ಲ ನೀ, ಯಾರೂ ಒಳಗ ಬಿಡಂಗಿಲ್ಲ ಅಂತಾರ್ರಿ ಮೇಡಂ."

"ಲಸಿಕೆ ಯಾಕೆ ಹಾಕಿಸ್ಕೊಂಡಿಲ್ಲ?"

"ಅದಕ್ಕ ಈ ದೇಶದಾಗ ಇರೂ ಕಾರ್ಡ್ ತೋರಸಬೇಕಂತ. ಕಾರ್ಡು, ಪಾಸ್‌ಪೋರ್ಟು ಎಲ್ಲಾ ಮೇಡಂ ಬೀರುದಾಗ ಅದಾವ."

ಕಾಗದ ಬೀರುವಿನಲ್ಲಿ, ಹಾಗಾಗಿ ಲಸಿಕೆ ಇಲ್ಲ. ಲಸಿಕೆ ಇಲ್ಲ, ಹಾಗಾಗಿ ಗೇಟಿನಾಚೆ ಇಲ್ಲ. ನನ್ನ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಎದುರಿನ ಮನೆಯಿಂದ ಮಾರೂಲಾ ಎಂಬ ಮೇಡಂ ಬಂದಳು. ಅರವತ್ತರ ಹತ್ತಿರದ, ನಗುಮುಖದ ಹೆಂಗಸು. ಮುದುಕ ಆಕೆಯ ತಂದೆ. ನಾನು ಐರ್ಲೆಂಡಿನ ಆಸ್ಪತ್ರೆಯ ವೈದ್ಯೆ ಎಂದು ತಿಳಿದದ್ದೇ ಎದೆಯ ಮೇಲೆ ಕೈಯಿಟ್ಟುಕೊಂಡಳು. ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದಳು: "ನಿಮ್ಮಂಥವರಿಗಾಗಿ ನಾವು ದಿನಾ ಸಂಜೆ ಬಾಲ್ಕನಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದೆವು. ವಾಸೂಲಾ ಕೂಡ ತಟ್ಟಿದಳು."

"ವಾಸೂಲಾ ಯಾರು?"

ಬಸಲಿಂಗಮ್ಮನ ಕಡೆ ಬೆರಳು ಮಾಡಿದಳು. "ಅವಳ ಹೆಸರು ನಮ್ಮ ನಾಲಿಗೆಗೆ ಹೊರಳುವುದಿಲ್ಲ. ನಮ್ಮ ಮನೆಯವಳ ಹಾಗೇ ಇದ್ದಾಳೆ."

"ನಿಮ್ಮ ಮನೆಯವರಿಗೆ ದವಡೆ ಹೀಗೆ ಊದಿಕೊಂಡರೆ ಎರಡು ವಾರ ಮಾತ್ರೆ ಕೊಟ್ಟು ಕೂರಿಸುತ್ತೀರಾ? ನಿಮ್ಮ ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿದೆ?" ನನ್ನ ದನಿ ಚೌಕದ ಆಚೆಗೂ ಕೇಳಿರಬೇಕು. ಚಿನ್ಮಯಿ ಬೆದರಿ ಅಪ್ಪನ ಕೈ ಹಿಡಿದಳು.

ಮಾರೂಲಾಳ ನಗು ಹೋಯಿತು. "ನೀವು ಅತಿಥಿಗಳು, ಡಾಕ್ಟರ್. ನೀವು ಬೇರೆ, ಅವಳು ಬೇರೆ. ಇದರಲ್ಲಿ ತಲೆ ಹಾಕಬೇಡಿ."

ಹೇಗೆ ಬೇರೆ? ನನ್ನ ಕೈಯಲ್ಲಿ ಡಿಗ್ರಿ ಇತ್ತು, ಅಷ್ಟೇ. ಆಕೆಯೂ ಹಾಸಿಗೆ ಹಿಡಿದವರನ್ನೇ ಎತ್ತಿ ಇಳಿಸುತ್ತಿದ್ದಳು, ನಾನೂ ಅದನ್ನೇ. ನನಗೆ ಚಪ್ಪಾಳೆ, ಆಕೆಗೆ ಗೇಟು.

ಶ್ರೀನಿಧಿ ನನ್ನನ್ನು ಪಕ್ಕಕ್ಕೆ ಕರೆದ. "ಭಾನು, ನಾವಿಲ್ಲಿ ವೀಸಾ ಮೇಲೆ ಬಂದಿರೋರು. ನೀನಿಲ್ಲಿ ಡಾಕ್ಟರೂ ಅಲ್ಲ. ಪೊಲೀಸು ಗಿಲೀಸು ಅಂತ ಆದ್ರೆ?"

"ಆಗ್ಲಿ ಬಿಡು. ಪೊಲೀಸ್ನೇ ಕರೀತೀನಿ."

ಈ ಮಾತು ಕೇಳಿ ಬಸಲಿಂಗಮ್ಮ ನನ್ನ ಮೇಲೇ ಸಿಡುಕಿದಳು. "ಸುಮ್ನಿರ್ರಿ ಅಕ್ಕಾರ! ನೀವು ಬೈದು ಕಾರ್ ಹತ್ತಿ ಹೋಗ್ತೀರಿ. ನಾಳೆ ಮುಂಜಾನೆ ಇಲ್ಲೇ ಏಳಾಕಿ ನಾನು. ನಿಮಗ ಸಿಟ್ಟು ಬಂದಿದ್ದು ಇವತ್ತ. ನನಗ ಎರಡ ವರ್ಷದಿಂದ ಐತಿ. ನನ್ನ ಬಾಯಿ ನನಗೈತಿ. ನಿಮ್ಮ ಕಡೆಯಿಂದ ಒಂದು ಚೀಟಿ ಬೇಕು, ಬರದ ಕೊಡ್ರಿ."

ನಾಚಿಕೆಯಾಯಿತು. ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಇಂದೇ ಚಿಕಿತ್ಸೆ ಆಗದಿದ್ದರೆ ಜೀವಕ್ಕೆ ಅಪಾಯ ಎಂದು ಬರೆದು, ನನ್ನ ಹೆಸರು, ಫೋನ್ ನಂಬರ್ ಹಾಕಿಕೊಟ್ಟೆ. ಆಕೆ ಅದನ್ನು ಹಿಡಿದು ಮಾರೂಲಾಳ ಮುಂದೆ ನಿಂತು ಮಾತಾಡತೊಡಗಿದಳು, ಗ್ರೀಕಿನಲ್ಲಿ! ಎಲ್ಲೂ ತಡವರಿಸದೆ, ದನಿ ಏರಿಸದೆ. ಆಮೇಲೆ ಏನೆಂದಿರಿ ಎಂದು ಕೇಳಿದಾಗ ಹೇಳಿದಳು: "ನಾ ಸತ್ತರ ನಿಮ್ಮಪ್ಪನ್ನ ಯಾರು ಎತ್ತತಾರ, ನಿನ್ನ ಮಗಾ ಎತ್ತತಾನೇನು ಅಂತ ಕೇಳಿದ್ನಿ."

ಮಾರೂಲಾ ಒಳಗೆ ಹೋಗಿ ಕಾರ್ಡ್ ಮಾತ್ರ ತಂದುಕೊಟ್ಟಳು.

ಲಿಮಸೋಲಿಗೆ ಮುಕ್ಕಾಲು ಗಂಟೆಯ ದಾರಿ. ಹಿಂದಿನ ಸೀಟಿನಲ್ಲಿ ಚಿನ್ಮಯಿಯ ಪಕ್ಕ ಕೂತು ಬಸಲಿಂಗಮ್ಮ ಊರೂರನ್ನೂ ತೋರಿಸುತ್ತ ಬಂದಳು. "ಆ ಹಸರು ಬಾಗಲದ ಮನ್ಯಾಗ ಶ್ರೀಲಂಕಾದಾಕಿ. ಅಕಾ ಅಲ್ಲಿ ನೇಪಾಳದ ಹುಡುಗಿ, ರಾತ್ರಿ ಫೋನ್ ಮಾಡ್ತಾಳ." ನಾನು ಬೆಳಿಗ್ಗೆ ಇದೇ ಬಾಲ್ಕನಿಗಳ ಫೋಟೊ ತೆಗೆದಿದ್ದೆ. ಹೂವಿನ ಕುಂಡ ಕಂಡಿತ್ತು, ಹಿಂದೆ ಪೊರಕೆ ಹಿಡಿದು ನಿಂತವಳು ಕಂಡಿರಲಿಲ್ಲ. ಒಂದು ತಿರುವಿನಲ್ಲಿ ಸಮುದ್ರ ಕಾಣಿಸಿತು. ಬಸಲಿಂಗಮ್ಮ ಮಾತು ನಿಲ್ಲಿಸಿ ಕಿಟಕಿಯ ಗಾಜು ಇಳಿಸಿದಳು. ಚಿನ್ಮಯಿ ಅವಳಿಗೆ ಅಂಟಿ ಕೂತಳು.

ದಂತವೈದ್ಯ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದ. ಹತ್ತೇ ನಿಮಿಷ. "ಲಸಿಕೆ ಇಲ್ಲದವರಿಗೂ ಹಲ್ಲು ನೋಯುತ್ತದೆ. ಯಾಕೆ ಮೊದಲೇ ಬರಲಿಲ್ಲ?" ಎಂದು ಗದರಿದ. ಯಾರನ್ನು ಗದರಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಹಲ್ಲು ಕಿತ್ತು, ಕೀವು ತೆಗೆದು, ಔಷಧಿ ಬರೆದುಕೊಟ್ಟ.

ಸಂಜೆ ಐದಕ್ಕೆ ಮತ್ತೆ ಆ ಊರಿಗೆ ಬಂದೆವು. ಬಸಲಿಂಗಮ್ಮ ಗೇಟಿನ ಒಳಗೆ ಹೋಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ, ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೂತುಬಿಟ್ಟಳು. ಒಳಗಿನಿಂದ ಮುದುಕ "ವಾಸೂಲಾ! ವಾಸೂಲಾ!" ಎಂದು ಕೂಗಿದ. ಆಕೆಯ ಕಣ್ಣು ಒದ್ದೆಯಾಯಿತು, ಆದರೆ ಏಳಲಿಲ್ಲ.

ಮಾರೂಲಾ ಬಂದು ಏನೋ ಹೇಳಿದಳು. ಬಸಲಿಂಗಮ್ಮ ಮರಗಟ್ಟಿದ ಬಾಯಿಂದ ಒಂದೇ ಮಾತು ಆಡಿದಳು: "ಪಾಸ್‌ಪೋರ್ಟ್."

ಕಾಫಿ ಅಂಗಡಿಯ ಗಂಡಸರು ಇಸ್ಪೀಟು ಆಡುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದರು. ಆ ಅಂಗಡಿಯ ಒಡತಿ, ಕಪ್ಪು ಬಟ್ಟೆಯ ಮುದುಕಿ, ಒಂದು ಕುರ್ಚಿ ಎಳೆದುಕೊಂಡು ಬಂದು ಬಸಲಿಂಗಮ್ಮನ ಪಕ್ಕ ಹಾಕಿ ತಾನೂ ಕೂತಳು. ಮಾರೂಲಾಳಿಗೆ ಗ್ರೀಕಿನಲ್ಲಿ ಏನೋ ಹೇಳಿ, ನನ್ನತ್ತ ತಿರುಗಿ ತಡವರಿಸುತ್ತ ಇಂಗ್ಲಿಷಿನಲ್ಲೂ ಹೇಳಿದಳು. ಆಕೆ ಮಾರೊನೈಟ್ ಎಂಬ ಸಣ್ಣ ಕ್ರೈಸ್ತ ಪಂಗಡದವಳು, ದ್ವೀಪ ಗ್ರೀಕರ ಕಡೆ, ತುರ್ಕರ ಕಡೆ ಎಂದು ಎರಡು ಹೋಳಾದಾಗ ಊರು ಬಿಟ್ಟು ಬಂದವಳು. "ನನ್ನ ತಾಯಿ ಗಡಿಯ ಆಚೆ ಸತ್ತಳು. ನನಗೆ ದಾಟಿ ಹೋಗಲು ಕಾಗದ ಕೊಡಲಿಲ್ಲ. ಯಾರದೋ ಕಾಗದವನ್ನು ಇನ್ಯಾರೋ ಇಟ್ಟುಕೊಳ್ಳುವುದು ಅಂದರೆ ಏನೆಂದು ಈ ಊರಿಗೆ ಗೊತ್ತಿರಬೇಕಿತ್ತು."

ಅರ್ಧ ಗಂಟೆ ಯಾರೂ ಏಳಲಿಲ್ಲ. ಶ್ರೀನಿಧಿ ಕಾರಿನ ಕೀಲಿ ಜೇಬಿಗೆ ಹಾಕಿ ತಾನೂ ಮೆಟ್ಟಿಲ ಮೇಲೆ ಬಂದು ಕೂತ. ಕೊನೆಗೆ ಮಾರೂಲಾ ಕೆಂಪೇರಿದ ಮುಖದಿಂದ ಬಂದು ಪಾಸ್‌ಪೋರ್ಟನ್ನು ಕೈಗೆ ಕೊಡದೆ ಮೆಟ್ಟಿಲ ಮೇಲೆ ಎಸೆದು ಹೋದಳು.

ಬಸಲಿಂಗಮ್ಮ ಅದನ್ನೆತ್ತಿ ಸೆರಗಿಲ್ಲದ ಅಂಗಿಯ ಎದೆಗೆ ಒರೆಸಿ ನನಗೆ ಕೊಟ್ಟಳು. "ನೋಡ್ರಿ, ಎಲ್ಲಾ ಬರೋಬ್ಬರಿ ಐತೇನು?"

ನೋಡಿದೆ. ಅವಧಿ ಜುಲೈನಲ್ಲೇ ಮುಗಿದಿತ್ತು. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದ ಆ ಹೆಂಗಸು ಒಂದು ಸಲವಾದರೂ ತೆರೆದು ನೋಡಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮೇಲೇಳಲು ಹೊರಟವಳ ತೋಳನ್ನು ಬಸಲಿಂಗಮ್ಮ ಗಟ್ಟಿಯಾಗಿ ಹಿಡಿದಳು. "ಇರ್ಲಿ ಬಿಡ್ರಿ. ಕೈಗೆ ಬಂತಲ್ಲ. ಎಂಬಸಿ ನಿಕೋಸಿಯಾದಾಗ ಐತಿ. ಹೋಗೂದು ನನಗ ಗೊತ್ತೈತಿ."

ಉಳಿದ ಮೂರು ದಿನ ಪ್ರವಾಸ ಮುಂದುವರಿಸಿದೆವು. ಪಾಫೋಸ್, ಅದರ ಹಳೆಯ ಕೋಟೆ, ಬಂದರು. ನನ್ನ ಕಣ್ಣು ಬಾಲ್ಕನಿಗಳ ಮೇಲೆಯೇ. ವಾಟರ್‌ಫರ್ಡಿಗೆ ಬಂದು ಆ ದೇಶದ ಕಾರ್ಮಿಕ ಇಲಾಖೆಗೆ ನಾಲ್ಕು ಪುಟ ಬರೆದೆ. ನಿಮ್ಮ ಪತ್ರ ತಲುಪಿದೆ ಎಂದು ಯಂತ್ರ ಕಳಿಸಿದ ಎರಡು ಸಾಲು ಬಂತು, ಮತ್ತೇನೂ ಬರಲಿಲ್ಲ. "ಸೈಪ್ರಸ್ ಹೇಗಿತ್ತು? ಗ್ರ್ಯಾಂಡ್?" ಎಂದು ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ಕೇಳಿದಳು. ಚಹಾ ವಿರಾಮ ಮುಗಿಯುವವರೆಗೂ ಅವಳಿಗೆ ಇದನ್ನೆಲ್ಲ ಹೇಳಿದೆ. ಅವಳು ಕಪ್ ಕೆಳಗಿಟ್ಟು ಒಂದು ಕೆಟ್ಟ ಬೈಗುಳ ಬೈದಳು. ಸ್ವಲ್ಪ ಸಮಾಧಾನವಾಯಿತು.

ಜನವರಿಯಲ್ಲಿ ಬಸಲಿಂಗಮ್ಮನ ಫೋನ್. ಹೊಸ ಪಾಸ್‌ಪೋರ್ಟ್ ಬಂದಿದೆ, ಎರಡು ಲಸಿಕೆಯೂ ಆಗಿದೆ, ರವಿವಾರದ ರಜೆಯೂ ಮತ್ತೆ ಸಿಕ್ಕಿದೆ. ಕೆಲಸ ಅದೇ ಮನೆಯಲ್ಲಿ. ಬೇರೆ ಕಡೆ ಹೋಗಬಹುದಿತ್ತಲ್ಲ ಎಂದು ನಾನು ರೇಗಿದೆ.

"ಅಜ್ಜಾರನ್ನ ಬಿಟ್ಟು ಹ್ಯಾಂಗ ಹೋಗ್ಲಿ? ಅವರೇನ ಮಾಡ್ಯಾರ?" ಎಂದಳು. ಮರುಕ್ಷಣವೇ ಆಕೆಯ ದನಿ ಏರಿತು. "ಅದಿರ್ಲಿ, ಕೇಳ್ರಿ ಇಲ್ಲಿ. ರವಿವಾರ ಈ ಊರಿಗೆ ಒಂದ ಬಸ್ ರೀ! ಒಂದ! ಮುಂಜಾನೆ ಹೋಗೂದು, ಮೂರು ಗಂಟೆಕ್ಕ ತಿರುಗಿ ಬಾ ಅಂತದ. ಸೂಟಿ ಅಂದ್ರ ಇದೇನ್ರಿ? ಬಸ್ ಆಫೀಸಿಗೆ ಹೋಗಿ ಜಗಳಾ ಮಾಡಿ ಬಂದೀನಿ. ಮುಂದಿನ ವಾರ ಮತ್ತ ಹೋಗ್ತೀನಿ."